ಸುಳ್ಳೇ ಕೂಗುವ ಅಲಾರಂ: ತಪ್ಪು ಹುಡುಕುವುದು ಹೇಗೆ?

ನಾನು ಜೇವರ್ಗಿ ತಾಲ್ಲೂಕಿನ ಒಣಬೇಸಾಯದ ರೈತ. ಆರು ಎಕರೆ ಎರಿ ಹೊಲ. ತೊಗರಿ, ಜೋಳ, ಸ್ವಲ್ಪ ಕಡಲೆ ಬೆಳೆಯುತ್ತೇನೆ. ಓದಿದ್ದು ಏಳನೇ ಇಯತ್ತೆ. ಕರೆಂಟಿನ ಪಾಠ ಯಾವ ಸಾಲಿಯಲ್ಲೂ ಕಲಿತಿಲ್ಲ. ಆ ಪಾಠ ಕಲಿಸಿದ್ದು ಆರು ಚೀಲ ತೊಗರಿ. ಅವು ಹೋದ ಮೇಲೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಈಗ ಹೊಲಮನಿಗೆ, ಊರಮನಿಗೆ, ಮೋಟರಿನ ಖೋಲಿಗೆ ಅಲಾರಂ ಕೂಡಿಸುವವರು ಹೆಚ್ಚಾಗಿದ್ದಾರೆ. ಅವರಿಗೆ ಉಪಯೋಗ ಆಗಬಹುದು.

ಆರು ಚೀಲ ಹೋದ ರಾತ್ರಿ

2023 ಬರದ ವರ್ಷ. ನಾಲ್ಕು ಎಕರೆ ತೊಗರಿಗೆ ಬಂದದ್ದು 11 ಕ್ವಿಂಟಲ್, ಅಂದರೆ 50 ಕಿಲೋದ 22 ಚೀಲ. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 7,000 ರೂಪಾಯಿ. ಮಾರುಕಟ್ಟೆಯ ದರ ಅದಕ್ಕಿಂತ ಮೇಲೆಯೇ ಇತ್ತು. ಇನ್ನೂ ಏರಬಹುದೆಂದು ಚೀಲಗಳನ್ನು ಹೊಲದ ಪತ್ರಾಸ್ ಶೆಡ್ಡಿನಲ್ಲಿ ಒಟ್ಟಿದೆ. ನಾವು ಮಲಗುವ ಹೊಲಮನಿ ಅಲ್ಲಿಂದ ಮೂವತ್ತು ಹೆಜ್ಜೆ.

ದರ ಏರಿದಾಗ ಕಳ್ಳರ ಕಣ್ಣೂ ಏರುತ್ತದೆ. ಅದಕ್ಕೆ 2024ರ ಎಳ್ಳ ಅಮಾಸಿ ಮುಗಿದ ವಾರ 3,400 ರೂಪಾಯಿ ಕೊಟ್ಟು ಅಲಾರಂ ತಂದೆ. ಒಳಗೆ ಯಾರಾದರೂ ಓಡಾಡಿದರೆ ತಿಳಿಯುವ ಒಂದು ಸೆನ್ಸಾರ್, ಬಾಗಿಲಿಗೆ ಒಂದು ಅಯಸ್ಕಾಂತದ ಸೆನ್ಸಾರ್, 12 ವೋಲ್ಟಿನ ಬ್ಯಾಟರಿ, ದೊಡ್ಡ ಸೈರನ್, ಮತ್ತು ಫೋನು ಮಾಡುವ ಸಿಮ್ ಪೆಟ್ಟಿಗೆ. ತಮ್ಮನ ಮಗ ಕೂಡಿಸಿಕೊಟ್ಟ.

ಮೊದಲ ರಾತ್ರಿಯೇ ಕೂಗಿತು. ಸುತ್ತಲ ಹೊಲದ ನಾಲ್ಕು ಜನ ಬಡಿಗಿ ಹಿಡಿದು ಓಡಿ ಬಂದರು. ಒಳಗೆ ಏನೂ ಇರಲಿಲ್ಲ. ಎರಡನೇ ರಾತ್ರಿಯೂ ಬಂದರು. ಐದನೇ ರಾತ್ರಿ ಒಬ್ಬರೇ ಬಂದರು. ಪಕ್ಕದ ಹೊಲದ ಕಾಕಾ ಮರುದಿನ ಹೇಳಿದರು: "ತಮ್ಮಾ, ನಿನ್ನ ಡಬ್ಬಿ ಬೆಕ್ಕಿಗಿ ಅಂಜತದ. ಅದು ಅಂಜಿದಾಗೆಲ್ಲ ನಾ ಯಾಕ ಏಳ್ಲಿ?"

ಫೆಬ್ರುವರಿಯ ಒಂದು ರಾತ್ರಿ ಎರಡೂವರೆಗೆ ಮತ್ತೆ ಕೂಗಿತು. ಮನಿಯಾಕಿ ಎಬ್ಬಿಸಿದಳು, "ಎದ್ದು ನೋಡ್ರಿ" ಅಂದಳು. "ಬೆಕ್ಕೇ ಇರಬೇಕು" ಎಂದು ನಾನು ಮಗ್ಗಲು ತಿರುಗಿದೆ. ಮುಂಜಾನೆ ನೋಡಿದರೆ ಕೀಲಿ ಮುರಿದಿತ್ತು. ಆರು ಚೀಲ ಇರಲಿಲ್ಲ. ಬೆಂಬಲ ಬೆಲೆಯಲ್ಲಿ ಹಿಡಿದರೂ 21,000 ರೂಪಾಯಿ.

ಅಲಾರಂ ತನ್ನ ಕೆಲಸ ಮಾಡಿತ್ತು. ನಾವು ಏಳಲಿಲ್ಲ. ತೋಳ ಬಂತು ಎಂದು ಸುಳ್ಳೇ ಕೂಗುತ್ತಿದ್ದ ಹುಡುಗನ ಕಥೆ ಸಾಲಿಯಲ್ಲಿ ಎಲ್ಲರೂ ಕೇಳಿದ್ದೇವೆ. ಸುಳ್ಳು ಕೂಗುವ ಅಲಾರಂ ಇಲ್ಲದ್ದಕ್ಕಿಂತ ಕಡೆ. ಅದು ಇಲ್ಲದಿದ್ದರೆ ನಾಯಿ ಬೊಗಳಿದಾಗಲಾದರೂ ಏಳುತ್ತಿದ್ದೆ.

ಮೊದಲು ವಹಿ, ಆಮೇಲೆ ಸ್ಕ್ರೂಡ್ರೈವರ್

ಹೊಸ ಸೆನ್ಸಾರ್ ತರೋಣ ಅಂತ ತಮ್ಮನ ಮಗ ಅಂದ. ನಾನು ಬೇಡ ಅಂದೆ. ಬೆಳೆಗೆ ರೋಗ ಬಂದರೆ ಮೊದಲು ಯಾವ ರೋಗ ಎಂದು ನೋಡುತ್ತೇವೆ, ಆಮೇಲೆ ಔಷಧಿ. ಇದಕ್ಕೂ ಅದೇ ಲೆಕ್ಕ.

ದೊಡ್ಡ ಸೈರನ್ ಬಿಚ್ಚಿಟ್ಟು ಹಾಸಿಗೆ ಹತ್ತಿರ ಒಂದು ಸಣ್ಣ ಬಜರ್ ಕೂಡಿಸಿದೆ. ಒಂದು ವಹಿಯಲ್ಲಿ ನಾಲ್ಕು ಗೆರೆ ಹಾಕಿದೆ: ದಿನ, ವೇಳೆ, ಗಾಳಿ ಮತ್ತು ಬಿಸಿಲು ಹೇಗಿತ್ತು, ಹೋಗಿ ನೋಡಿದಾಗ ಏನು ಕಂಡಿತು. 19 ದಿನದಲ್ಲಿ 26 ಸಲ ಕೂಗಿತ್ತು. ವೇಳೆ ಪ್ರಕಾರ ಬೇರೆ ಮಾಡಿದೆ:

ರಾತ್ರಿ ಒಂದರಿಂದ ನಾಲ್ಕರ ಒಳಗೆ: 11 ಸಲ.
ಸಂಜೆ ಐದರಿಂದ ಆರರ ಒಳಗೆ: 6 ಸಲ.
ಕರೆಂಟು ಹೋದಾಗ ಅಥವಾ ಬಂದಾಗ: 5 ಸಲ.
ಹೊತ್ತು ಗೊತ್ತು ಇಲ್ಲದೆ: 4 ಸಲ.

ಇಷ್ಟು ಬರೆದ ಮೇಲೆ ನನಗೆ ಹೊಳೆಯಿತು. ಇದು ಒಂದು ತಪ್ಪಲ್ಲ, ನಾಲ್ಕು. ಒಂದೇ ಔಷಧಿಯಿಂದ ಹೋಗುವ ರೋಗವಲ್ಲ. ಒಂದು ಸಲಕ್ಕೆ ಒಂದನ್ನೇ ಸರಿ ಮಾಡಿ, ಒಂದು ವಾರ ನೋಡಿ, ಮುಂದಿನದಕ್ಕೆ ಹೋಗಬೇಕು. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಗುಣ ಆಯಿತೆಂದು ತಿಳಿಯುವುದಿಲ್ಲ.

ಈ ಕಣ್ಣು ನೋಡುವುದು ಕಾವನ್ನು

ಓಡಾಟ ತಿಳಿಯುವ ಈ ಸೆನ್ಸಾರಿಗೆ ಪಿ.ಐ.ಆರ್. ಎನ್ನುತ್ತಾರೆ. ಇದು ತಾನಾಗಿ ಏನನ್ನೂ ಹೊರಗೆ ಬಿಡುವುದಿಲ್ಲ. ಎದುರಿನಿಂದ ಬರುವ ಕಾವನ್ನಷ್ಟೇ ನೋಡುತ್ತದೆ. ಒಳಗೆ ಕಾವು ತಿಳಿಯುವ ಒಂದು ಬಿಲ್ಲೆ ಇದೆ, ಅದರಲ್ಲಿ ಎರಡು ಭಾಗ. ಎರಡಕ್ಕೂ ಒಂದೇ ಸಮ ಕಾವು ಬಿದ್ದರೆ ಸುಮ್ಮನಿರುತ್ತದೆ. ಕಾವು ಒಂದರಿಂದ ಇನ್ನೊಂದಕ್ಕೆ ಸರಿದರೆ "ಏನೋ ಓಡಾಡಿತು" ಎನ್ನುತ್ತದೆ. ಮುಂದಿನ ಬಿಳಿ ಪ್ಲಾಸ್ಟಿಕ್ ಗುಬ್ಬಿಯಲ್ಲಿ ಚೌಕ ಚೌಕ ಇರುತ್ತವಲ್ಲ, ಅವು ನೋಟವನ್ನು ಬೀಸಣಿಕೆಯ ಕಡ್ಡಿಗಳಂತೆ ಹಂಚುತ್ತವೆ. ಬಿಸಿ ಮೈ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟಿದಾಗ ಸಿಕ್ಕಿಬೀಳುತ್ತದೆ.

ಇದರಿಂದ ಮೂರು ಮಾತು ತಿಳಿಯಬೇಕು.

ಒಂದು, ಅಡ್ಡ ದಾಟುವವನನ್ನು ಅದು ಬೇಗ ಹಿಡಿಯುತ್ತದೆ. ನೇರ ತನ್ನ ಕಡೆಗೆ ಬರುವವನನ್ನು ತಡವಾಗಿ ಹಿಡಿಯುತ್ತದೆ. ಆದ್ದರಿಂದ ಬಾಗಿಲಿಗೆ ಎದುರಾಗಿ ಕೂಡಿಸಬಾರದು, ಮಗ್ಗಲಿಗೆ ಕೂಡಿಸಬೇಕು.

ಎರಡು, ಮನುಷ್ಯ ಯಾವುದು, ಬೆಕ್ಕು ಯಾವುದು ಅದಕ್ಕೆ ಗೊತ್ತಿಲ್ಲ. ಸರಿಯುವ ಕಾವು ಅಷ್ಟೇ ಗೊತ್ತು.

ಮೂರನೆಯದು ನಮ್ಮ ಕಡೆಯವರಿಗೆ ಮುಖ್ಯ. ನಮ್ಮ ಮೈ ಕಾವು 37 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ದಾಟುತ್ತದೆ. ಪತ್ರಾಸ್ ಶೆಡ್ಡಿನ ಗೋಡೆ, ನೆಲ, ಚೀಲ ಎಲ್ಲ ಮೈಯಷ್ಟೇ ಕಾಯ್ದಿರುತ್ತವೆ. ಆಗ ಮನುಷ್ಯ ಬಂದರೂ ಕಣ್ಣಿಗೆ ಬೇರೆ ಕಾಣುವುದಿಲ್ಲ. "ಸೆನ್ಸಾರ್ ಮಂದ ಆಗ್ಯದ" ಎಂದು ನಾವು ತಿರುಪು ತಿರುಗಿಸಿ ಚುರುಕು ಮಾಡುತ್ತೇವೆ. ಅದನ್ನು ಹಾಗೇ ಬಿಟ್ಟರೆ ಚಳಿಗಾಲದ ರಾತ್ರಿ ಗೋಡೆ ತಣ್ಣಗಾದಾಗ ಸಣ್ಣ ಬೆಕ್ಕೂ ದೊಡ್ಡ ಬೆಂಕಿಯಂತೆ ಕಾಣುತ್ತದೆ. ಬೇಸಿಗೆಗೆ ಒಂದು, ಚಳಿಗೆ ಒಂದು, ಹೀಗೆ ವರ್ಷಕ್ಕೆ ಎರಡು ಸಲ ತಿರುಪು ಸರಿ ಮಾಡಬೇಕು. ನನ್ನದನ್ನು ಅಂಗಡಿಯಲ್ಲೇ ಪೂರ್ತಿ ಚುರುಕಿಗೆ ಇಟ್ಟು ಕೊಟ್ಟಿದ್ದರು. ತಂದದ್ದು ಜನವರಿಯ ಚಳಿಯಲ್ಲಿ.

ಕಣ್ಣು ಮುಚ್ಚಿ ನೋಡುವ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯ. ಖರ್ಚು ಇಲ್ಲ. ಸೆನ್ಸಾರಿನ ಗುಬ್ಬಿಯ ಮೇಲೆ ದಪ್ಪ ರಟ್ಟು ಮುಚ್ಚಿ ಸುತ್ತಲೂ ಟೇಪು ಸುತ್ತಿ. ಎರಡು ಮೂರು ರಾತ್ರಿ ಹಾಗೇ ಬಿಡಿ. ಕಾವು ರಟ್ಟನ್ನು ದಾಟಿ ಒಳಗೆ ಹೋಗುವುದಿಲ್ಲ. ಆಗಲೂ ಕೂಗಿದರೆ ತಪ್ಪು ಎದುರಿಗಿಲ್ಲ. ಅದು ವೈರು, ಬ್ಯಾಟರಿ, ಕರೆಂಟು ಅಥವಾ ಬಾಗಿಲಿನ ಸೆನ್ಸಾರಿನಲ್ಲಿದೆ. ಸುಮ್ಮನಾದರೆ ತಪ್ಪು ಎದುರಿಗಿದೆ: ಬೆಕ್ಕು, ಬಿಸಿಲು, ಜೇಡ, ಅಲ್ಲಾಡುವ ತಾಡಪತ್ರಿ.

ನಾನು ಆರು ರಾತ್ರಿ ಮುಚ್ಚಿಟ್ಟೆ. ನಡುರಾತ್ರಿಯ ಕೂಗು ನಿಂತಿತು, ಸಂಜೆಯದೂ ನಿಂತಿತು. ಕರೆಂಟು ಬಂದಾಗಿನ ಕೂಗು ನಿಲ್ಲಲಿಲ್ಲ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಪರೀಕ್ಷೆ ಮುಗಿದ ಮೇಲೆ ರಟ್ಟು ತೆಗೆಯಲು ಮಾತ್ರ ಮರೆಯಬಾರದು.

ಬೆಕ್ಕು ಮತ್ತು ಇಲಿ

ನಡುರಾತ್ರಿ ಬ್ಯಾಟರಿ ಹಿಡಿದು ಕೂತು ನೋಡಿದೆ. ಕಾಕಾ ಹೇಳಿದ್ದು ಖರೇ. ನಮ್ಮದೇ ಬೆಕ್ಕು ಇಲಿ ಬೆನ್ನು ಹತ್ತಿ ಚೀಲದ ಒಟ್ಟಲಿನ ಮೇಲೆ ಏರುತ್ತಿತ್ತು. ಬೆಕ್ಕನ್ನು ಹೊರಗೆ ಹಾಕಿದರೆ ಇಲಿ ಚೀಲ ಕಡಿಯುತ್ತವೆ, ಸಾಲದ್ದಕ್ಕೆ ವೈರನ್ನೂ ಕಡಿಯುತ್ತವೆ. ಬೆಕ್ಕು ಇರಲೇಬೇಕು. ಆದ್ದರಿಂದ ನೋಟವನ್ನೇ ಬದಲಿಸಿದೆ.

ಮೊದಲು ಸೆನ್ಸಾರ್ ಚೀಲದ ಒಟ್ಟಲನ್ನೇ ನೋಡುತ್ತಿತ್ತು. ಅದನ್ನು ತೆಗೆದು ಬಾಗಿಲಿನ ಮಗ್ಗಲ ಗೋಡೆಗೆ ಏಳು ಅಡಿ ಎತ್ತರದಲ್ಲಿ ಕೂಡಿಸಿದೆ. ಈಗ ಬಾಗಿಲಿಂದ ಚೀಲಕ್ಕೆ ಹೋಗುವ ದಾರಿಯನ್ನಷ್ಟೇ ಅಡ್ಡವಾಗಿ ನೋಡುತ್ತದೆ. ಗುಬ್ಬಿಯ ಕೆಳಗಿನ ಸಾಲಿನ ಚೌಕಗಳಿಗೆ ಒಳಬದಿಯಿಂದ ಕರೆಂಟಿನ ಕಪ್ಪು ಟೇಪು ಅಂಟಿಸಿದೆ. ಕೆಳಗಿನ ಸಾಲು ಹತ್ತಿರದ ನೆಲ ನೋಡುವ ಸಾಲು. ಅದು ಮುಚ್ಚಿದರೆ ನೆಲದಲ್ಲಿ ಓಡಾಡುವ ಬೆಕ್ಕು ಕಾಣುವುದಿಲ್ಲ, ನಿಂತು ನಡೆಯುವ ಮನುಷ್ಯ ಕಾಣುತ್ತಾನೆ. ತೆವಳಿ ಬಂದವನು ತಪ್ಪಿಸಿಕೊಳ್ಳಬಹುದು ನಿಜ. ಆದರೆ 50 ಕಿಲೋ ಹೊತ್ತು ಯಾರೂ ತೆವಳುವುದಿಲ್ಲ.

ಸರಿಯಾಯಿತೋ ಇಲ್ಲವೋ ನೋಡಲು ಸೈರನ್ ಬಿಚ್ಚಿ, ಬಜರ್ ಮಾತ್ರ ಇಟ್ಟು, ಕತ್ತಲಾದ ಮೇಲೆ ನಾವೇ ಕಳ್ಳರಂತೆ ನಡೆದು ನೋಡಬೇಕು. ಎಲ್ಲಿ ಕಾಲಿಟ್ಟಾಗ ಕೂಗಿತು ಎಂದು ಸುಣ್ಣದಿಂದ ಗುರುತು ಮಾಡಿ.

ಸಂಜೆಯ ಬಿಸಿಲು

ಐದು ಗಂಟೆಯ ಕೂಗಿಗೆ ಕಾರಣ ಪಡುವಣ ಗೋಡೆಯ ತಗಡಿನಲ್ಲಿದ್ದ ಒಂದು ಸಂದು. ಅಲ್ಲಿಂದ ಬಿದ್ದ ಬಿಸಿಲ ಪಟ್ಟಿ ಚೀಲದ ಮೇಲೆ ಬೀಳುತ್ತಿತ್ತು. ಹೊರಗೆ ಬೇವಿನ ಟೊಂಗೆ ಅಲ್ಲಾಡಿದರೆ ಆ ಪಟ್ಟಿ ಬಂದು ಹೋಗಿ ಮಾಡುತ್ತಿತ್ತು. ಸಂದಿಗೆ ಗೋಣಿ ತಟ್ಟು ತುರುಕಿದೆ. ಕೂಗು ನಿಂತಿತು.

ಆಳಂದದ ನಮ್ಮ ಬೀಗರ ಮನೆಯದೂ ಇದೇ ಕಥೆ. ಅವರದು ಊರಮನಿ, ಒಳಗೆ ಪಡಸಾಲಿಯಲ್ಲಿ ಸೆನ್ಸಾರ್. ಹುಣ್ಣಿಮೆಗೆ ಮನೆಗೆ ಕೀಲಿ ಹಾಕಿ ದೇವಲ ಗಾಣಗಾಪುರಕ್ಕೆ ಹೋಗಿದ್ದರು. ದರ್ಶನದ ಪಾಳಿಯಲ್ಲಿ ನಿಂತಾಗ ಸಿಮ್ ಪೆಟ್ಟಿಗೆಯಿಂದ ಫೋನು ಬಂತು. ದರ್ಶನ ಬಿಟ್ಟು ಗಾಡಿ ಮಾಡಿಕೊಂಡು ಓಡಿ ಬಂದರು. ಮನೆ ಇದ್ದ ಹಾಗೇ ಇತ್ತು. ಎರಡು ಸಲ ಹೀಗಾಯಿತು. ನಾನು ಹೋಗಿ ನೋಡಿದೆ. ಪಡುವಣ ಕಿಟಕಿ ತೆರೆದಿತ್ತು, ಪರದೆ ಗಾಳಿಗೆ ಹಾರುತ್ತಿತ್ತು, ಹಿಂದೆ ಬಿಸಿಲು. ಬಿಸಿಯಾದ ಪರದೆ ತಣ್ಣನೆ ಗೋಡೆ ಎದುರು ಅಲ್ಲಾಡಿದರೆ ಸೆನ್ಸಾರಿಗೆ ಅದು ಮನುಷ್ಯನೇ. ಕಿಟಕಿ ಮುಚ್ಚಿ, ಸೆನ್ಸಾರನ್ನು ಕಿಟಕಿ ಇರುವ ಗೋಡೆಗೇ ಕೂಡಿಸಿ ಒಳಮುಖ ಮಾಡಿದೆವು. ಊರಿಗೆ ಹೋಗುವಾಗ ಫ್ಯಾನು, ಕೂಲರು ಬಂದ್ ಮಾಡಬೇಕು. ದೇವರ ದೀಪ ಸೆನ್ಸಾರಿನ ಎದುರಿಗೆ ಇರಬಾರದು.

ಕರೆಂಟು ಬಂದಾಗಿನ ಕೂಗು

ಪಿ.ಐ.ಆರ್. ಸೆನ್ಸಾರಿಗೆ ಕರೆಂಟು ಕೊಟ್ಟ ಕೂಡಲೇ ಅದು ಸ್ಥಿಮಿತಕ್ಕೆ ಬರುವುದಿಲ್ಲ. ಸುಮಾರು ಒಂದು ನಿಮಿಷ ಬೇಕು. ಆ ನಿಮಿಷದಲ್ಲಿ ಸುಮ್ಮಸುಮ್ಮನೆ ಕೂಗಬಹುದು. ಬ್ಯಾಟರಿ ಸರಿ ಇದ್ದರೆ ಕರೆಂಟು ಹೋದರೂ ಸೆನ್ಸಾರಿಗೆ ಗೊತ್ತಾಗುವುದಿಲ್ಲ. ನನ್ನ ಬ್ಯಾಟರಿಯ ಕಡ್ಡಿಗೆ ಬಿಳಿ ಹುಡಿ ಹಿಡಿದು ಜೋಡಣೆ ಸಡಿಲಾಗಿತ್ತು. ಕರೆಂಟು ಹೋದಾಗ ಒಂದು ಗಳಿಗೆ ಸೆನ್ಸಾರ್ ಸತ್ತು ಹುಟ್ಟುತ್ತಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಗಿ ಮಾಡಿ ವ್ಯಾಸಲೀನ್ ಹಚ್ಚಿದೆ.

ಮೀಟರ್ ಇದ್ದರೆ ಬ್ಯಾಟರಿಯನ್ನೂ ನೋಡಿ. ಚಾರ್ಜರ್ ಬಿಚ್ಚಿ ಕೆಲವು ತಾಸು ಬಿಟ್ಟ ಮೇಲೆ ಒಳ್ಳೆಯ 12 ವೋಲ್ಟ್ ಬ್ಯಾಟರಿ 12.6ರ ಮೇಲೆ ತೋರಿಸುತ್ತದೆ. ಸೈರನ್ ಕೂಗುವಾಗ 11ಕ್ಕಿಂತ ಕೆಳಗೆ ಇಳಿದರೆ ಅದರ ಆಯುಷ್ಯ ಮುಗಿದಿದೆ. ಅಂಥ ಬ್ಯಾಟರಿಯಲ್ಲಿ ಸೈರನ್ ಕೂಗಿದಾಗ ವೋಲ್ಟ್ ಬಿದ್ದು ಸೆನ್ಸಾರ್ ಸಾಯುತ್ತದೆ, ಮತ್ತೆ ಹುಟ್ಟಿ ಮತ್ತೆ ಕೂಗಿಸುತ್ತದೆ. ಬಿಟ್ಟು ಬಿಟ್ಟು ಕೂಗುವ ಅಲಾರಮಿಗೆ ಬಹಳ ಸಲ ಕಾರಣ ಇದೇ.

ಇನ್ನೆರಡು ಮಾತು. ಸೆನ್ಸಾರಿನ ಸಣ್ಣ ವೈರನ್ನು ಮೋಟರಿನ ದಪ್ಪ ವೈರಿನ ಜೊತೆ ಕಟ್ಟಬೇಡಿ. ಸ್ಟಾರ್ಟರ್ ಒತ್ತಿದಾಗಿನ ಹೊಡೆತ ಸಣ್ಣ ವೈರಿಗೂ ತಾಗುತ್ತದೆ. ಒಂದು ಮೊಳವಾದರೂ ದೂರ ಇರಲಿ, ದಾಟಲೇಬೇಕಾದರೆ ಅಡ್ಡ ದಾಟಲಿ. ಸಿಮ್ ಪೆಟ್ಟಿಗೆಯನ್ನೂ ಸೆನ್ಸಾರಿನಿಂದ ಮೂರು ಅಡಿ ಆಚೆ ಇಡಿ. ಅದು ಫೋನು ಮಾಡುವಾಗ ಹೊರಡುವ ತರಂಗ ಕೆಲವು ಸೆನ್ಸಾರನ್ನು ಕೆರಳಿಸುತ್ತದೆ. ನನ್ನವು ಎರಡೂ ಒಂದೇ ಮೊಳೆಗೆ ಜೋತುಬಿದ್ದಿದ್ದವು.

ಬಾಗಿಲಿನ ಅಯಸ್ಕಾಂತ

ಚೌಕಟ್ಟಿನಲ್ಲಿ ಗಾಜಿನ ಸಣ್ಣ ಕೊಳವೆ, ಅದರೊಳಗೆ ಎರಡು ತೆಳು ಪಟ್ಟಿ. ಬಾಗಿಲಿನಲ್ಲಿ ಅಯಸ್ಕಾಂತ. ಬಾಗಿಲು ಮುಚ್ಚಿದಾಗ ಅಯಸ್ಕಾಂತದ ಸೆಳೆತಕ್ಕೆ ಪಟ್ಟಿಗಳು ಕೂಡುತ್ತವೆ, ತೆರೆದಾಗ ಅಗಲುತ್ತವೆ. ನಡುವೆ ಅರ್ಧ ಬೆರಳಿನಷ್ಟೇ ಅಂತರ ಇರಬೇಕು. ಗಾಳಿಗೆ ಬಾಗಿಲು ಬಡಿದರೆ, ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಬೇಸಿಗೆಯಲ್ಲಿ ಸೊರಗಿದರೆ ಅಂತರ ಹೆಚ್ಚಾಗಿ ಕೂಗುತ್ತದೆ. ಹಳೆ ಸೈಕಲ್ ಟ್ಯೂಬು ಕತ್ತರಿಸಿ ಚೌಕಟ್ಟಿಗೆ ಬಡಿದರೆ ಬಾಗಿಲು ಬಿಗಿಯಾಗುತ್ತದೆ. ಬಾಗಿಲು ಕಬ್ಬಿಣದ್ದಾದರೆ ಅದು ಅಯಸ್ಕಾಂತದ ಶಕ್ತಿಯನ್ನು ತಿನ್ನುತ್ತದೆ. ಅಡಿಗೆ ಅರ್ಧ ಇಂಚಿನ ಕಟ್ಟಿಗೆ ತುಂಡು ಇಟ್ಟು ಕೂಡಿಸಿ.

ಹೊತ್ತು ಗೊತ್ತಿಲ್ಲದ ನಾಲ್ಕು ಕೂಗಿನಲ್ಲಿ ಮೂರು ಈ ಬಾಗಿಲಿನವು. ಉಳಿದ ಒಂದು ಜೇಡನದು. ಗುಬ್ಬಿಯ ಮೇಲೆಯೇ ಬಲೆ ನೇಯ್ದಿತ್ತು. ಕಣ್ಣಿನ ಮುಂದೆಯೇ ಹರಿದಾಡುವ ಹುಳ ಸಣ್ಣದಾದರೂ ಸೆನ್ಸಾರಿಗೆ ದೊಡ್ಡದು. ವೈರು ಒಳಹೋಗುವ ರಂಧ್ರವನ್ನು ಮೇಣದಿಂದ ಮುಚ್ಚಿದರೆ ಇರುವೆ ಗೂಡು ಮಾಡುವುದಿಲ್ಲ.

ಅಫಜಲಪುರದ ಕೇಬಲ್

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯಲ್ಲಿ ನಮ್ಮ ಸೋದರಮಾವನ ಹೊಲ. ಅಲ್ಲಿ ಮೋಟರಿನ ಕೇಬಲ್ ಕಳವಿನ ಹೆದರಿಕೆ. ಕೇಬಲ್ ಜೊತೆ ಒಂದು ಸಣ್ಣ ವೈರು ಕಟ್ಟಿದ್ದರು. ಕೇಬಲ್ ಕತ್ತರಿಸಿದರೆ ಅದೂ ತುಂಡಾಗಿ ಅಲಾರಂ ಕೂಗಬೇಕು. ಒಳ್ಳೆಯ ಉಪಾಯ, ಆದರೆ ದಿನಾ ಬೆಳಗಿನ ಜಾವ ಕೂಗುತ್ತಿತ್ತು. 2020ರ ಅಕ್ಟೋಬರದ ಭೀಮಾ ಪ್ರವಾಹದಲ್ಲಿ ಮುಳುಗಿದ್ದ ಹಳೆ ವೈರನ್ನೇ ಜೋಡಿಸಿದ್ದರು. ಕೈಯಿಂದ ಹೊಸೆದು ಟೇಪು ಸುತ್ತಿದ ಒಂಬತ್ತು ಜೋಡಣೆ. ಬಿಚ್ಚಿ ನೋಡಿದರೆ ತಾಮ್ರಕ್ಕೆ ಹಸಿರು ಕಿಲುಬು.

ಇಲ್ಲಿ ಗುರುತು ಸರಳ. ಗಾಳಿ ಬಂದಾಗ ಕೂಗಿದರೆ ಜೋಡಣೆ ಸಡಿಲು. ಇಬ್ಬನಿ, ಮಳೆಗೆ ಕೂಗಿದರೆ ನೀರು ಮತ್ತು ಕಿಲುಬು. ಮೀಟರನ್ನು ಬೀಪ್ ಶಬ್ದಕ್ಕೆ ಇಟ್ಟು, ಅಲಾರಂ ಬಂದ್ ಮಾಡಿ, ಒಂದೊಂದೇ ಜೋಡಣೆ ಅಲ್ಲಾಡಿಸಿ. ಬೀಪ್ ಕಡಿದಲ್ಲಿ ತಪ್ಪಿದೆ. ಮೋಟರಿನ ಕರೆಂಟು ಪೂರ್ತಿ ತೆಗೆದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಬೇಕು. ಮಾವ ಹೊಸ ವೈರು ತಂದು, ಜೋಡಣೆ ಎರಡಕ್ಕೆ ಇಳಿಸಿ, ಬೆಸುಗೆ ಹಾಕಿಸಿ, ಪೈಪಿನೊಳಗೆ ಹಾಕಿದರು. ಅಂದಿನಿಂದ ಬೆಳಗಿನ ಜಾವ ನಿದ್ದೆ.

ಒಂದು ಎಚ್ಚರಿಕೆ. ಅಲಾರಂ ತ್ರಾಸ ಕೊಡುತ್ತದೆ ಎಂದು ಬೇಲಿಗೆ, ಬಾಗಿಲಿಗೆ ಮನೆ ಕರೆಂಟು ಹಾಯಿಸುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಮೊದಲು ಸಾಯುವುದು ನಮ್ಮದೇ ಮಗು ಅಥವಾ ಎತ್ತು.

ಎರಡು ಸಾಕ್ಷಿ

ಎಲ್ಲ ಸರಿ ಮಾಡಿದರೂ ತಿಂಗಳಿಗೆ ಒಂದೆರಡು ಸುಳ್ಳು ಕೂಗು ಉಳಿದೇ ಉಳಿಯುತ್ತದೆ. ಅದಕ್ಕೆ ಹೀಗೆ ಮಾಡಿದ್ದೇವೆ. ಒಳಗಿನ ಸೆನ್ಸಾರ್ ಒಂದೇ ಹೇಳಿದರೆ ನನ್ನ ಹಾಸಿಗೆ ಹತ್ತಿರದ ಬಜರ್ ಮಾತ್ರ. ನಾನು ಎದ್ದು ಕಿಟಕಿಯಿಂದ ನೋಡುತ್ತೇನೆ. ಬಾಗಿಲೂ ತೆರೆದು, ಒಳಗಿನ ಸೆನ್ಸಾರೂ ಹೇಳಿದರೆ ಮಾತ್ರ ದೊಡ್ಡ ಸೈರನ್. ಎರಡರ ರಿಲೇ ಸ್ವಿಚ್ಚುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಆಯಿತು, ವೈರಮನ್‌ಗೆ ಹೇಳಿದರೆ ತಿಳಿಯುತ್ತದೆ. ತಗಡು ಎತ್ತಿ ಬಂದರೆ ಬಾಗಿಲು ಸಾಕ್ಷಿ ಹೇಳುವುದಿಲ್ಲ. ಆಗ ಬಜರ್ ಒಂದೇ ಗತಿ. ಅದಕ್ಕೇ ಬಜರ್ ಕೂಗಿದಾಗ ನಾನು ಈಗ ಮಗ್ಗಲು ತಿರುಗುವುದಿಲ್ಲ.

ಕೂಗಿದಾಗ ನೋಡುವ ಕ್ರಮ

1. ವೇಳೆ, ಗಾಳಿ, ಬಿಸಿಲು, ಕರೆಂಟು ವಹಿಯಲ್ಲಿ ಬರೆಯಿರಿ. ಕಡಿಮೆ ಅಂದರೆ ಹತ್ತು ದಿನ.
2. ಗುಬ್ಬಿಗೆ ರಟ್ಟು ಮುಚ್ಚಿ. ತಪ್ಪು ಎದುರಿಗೋ ವೈರಿನಲ್ಲೋ ತಿಳಿಯಿರಿ.
3. ಎದುರಿಗಾದರೆ: ಬೆಕ್ಕು, ಇಲಿ, ಬಿಸಿಲ ಪಟ್ಟಿ, ಪರದೆ, ತಾಡಪತ್ರಿ, ಜೇಡ.
4. ವೈರಿನಲ್ಲಾದರೆ: ಬ್ಯಾಟರಿ ಕಡ್ಡಿ, ಜೋಡಣೆ, ಮೋಟರ್ ವೈರಿನ ಸಂಗ, ಸಿಮ್ ಪೆಟ್ಟಿಗೆಯ ಸಂಗ, ಬಾಗಿಲ ಅಂತರ.
5. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ವಾರ ನೋಡಿ.
6. ಅಮಾಸಿಗೊಮ್ಮೆ, ಎತ್ತಿಗೆ ಬಿಡುವು ಕೊಡುವ ದಿನ, ಗುಬ್ಬಿ ಒರೆಸಿ ನಡೆದು ಪರೀಕ್ಷೆ ಮಾಡಿ. ಸಿಮ್ಮಿಗೆ ರೀಚಾರ್ಜ್ ಇದೆಯೇ ನೋಡಿ.
7. ನಿಜವಾದ ಕಳ್ಳರೆನಿಸಿದರೆ ಒಬ್ಬರೇ ಹೋಗಬೇಡಿ. ನೆರೆಯವರನ್ನು ಕೂಗಿ, 112ಕ್ಕೆ ಫೋನು ಮಾಡಿ.

ಕೊನೆಯ ದುರಸ್ತಿ

ಯಂತ್ರ ಸರಿಯಾದ ಮೇಲೆ ಒಂದು ಕೆಲಸ ಉಳಿದಿತ್ತು. ಸುತ್ತಲ ನಾಲ್ಕು ಹೊಲದವರ ಹತ್ತಿರ ಹೋದೆ. "ಇಷ್ಟು ದಿನ ನಿದ್ದಿ ಕೆಡಿಸೀನಿ, ತಪ್ಪಾಯ್ತು. ಇನ್ನ ಮ್ಯಾಲ ದೊಡ್ಡ ಸೈರನ್ ಕೂಗಿದರ ಮಾತ್ರ ಬರ್ರಿ" ಎಂದೆ. ವಹಿಯನ್ನೂ ತೋರಿಸಿದೆ. ಕಾಕಾ ಪುಟ ತಿರುವಿ ನೋಡಿ, ಏನೂ ಹೇಳದೆ ವಾಪಸು ಕೊಟ್ಟರು.

ಆಮೇಲೆ ದೊಡ್ಡ ಸೈರನ್ ಕೂಗಿದ್ದು ಒಂದೇ ಸಲ. 2025ರ ಜನವರಿಯಲ್ಲಿ ರಾಶಿ ಮುಗಿಸಿ ದಣಿದು, ಅಲಾರಂ ಬಂದ್ ಮಾಡುವುದು ಮರೆತು, ಕತ್ತಲಲ್ಲಿ ನಾನೇ ಬಾಗಿಲು ತೆಗೆದೆ. ಸ್ವಿಚ್ಚು ಹುಡುಕುವುದರೊಳಗೆ ನಾಲ್ಕೂ ಕಡೆಯಿಂದ ಬ್ಯಾಟರಿ ಬೆಳಕು ಓಡಿ ಬಂತು. ಎಲ್ಲರ ಮುಂದೆ ಕಾಕಾ, ಕೈಯಲ್ಲಿ ಬಡಿಗಿ. ನನಗೆ ನಾಚಿಕೆಯಾಯಿತು. "ನಾನೇರಿ ಕಾಕಾ" ಎಂದೆ. "ಇರ್ಲಿ ಬಿಡು, ಬಂದು ನೋಡಿದ್ವಿ" ಎಂದು ಅವರು ಕಟ್ಟೆಯ ಮೇಲೆ ಕೂತರು. ಮನಿಯಾಕಿ ಎಲ್ಲರಿಗೂ ಚಾ ಮಾಡಿದಳು.